ಪ್ರಪೋಸಲ್ ನೀವೇ ಬರೀತೀರಾ, ಬರೆಸ್ತೀರಾ?

ಪೀಣ್ಯದಲ್ಲಿ ನಮ್ಮದು ಪೌಡರ್ ಕೋಟಿಂಗ್ ಶೆಡ್, ಅಂದ್ರೆ ಲೋಹಕ್ಕೆ ಪುಡಿ ಬಣ್ಣ ಹಾಕಿ ಕಾಯಿಸಿ ಕೂರಿಸೋ ಕೆಲಸ. ಗಿರಾಕಿಗೆ ಕೊಡುವ ಪ್ರಪೋಸಲ್ ನಾನೇ ಬರೀತೀನಿ, ನೀವೂ ಬರೀರಿ; ಕೆಲಸ ಬಲ್ಲವರ ಮಾತಿಗೇ ತೂಕ. ಮೊದಲ ಸಾಲಲ್ಲೇ ಅವರ ತೊಂದರೆ ಬರಲಿ: “ನಿಮ್ಮ ಬ್ರಾಕೆಟ್ ಅಂಚಿನಲ್ಲಿ ಬಣ್ಣ ಏಳುತ್ತಿದೆ.” ಆಮೇಲೆ ನಿಮ್ಮ ಪರಿಹಾರ: ತೊಳೆದು, ಫಾಸ್ಫೇಟಿಂಗ್ (ಬಣ್ಣ ಹಿಡಿಯಲು ಲೋಹಕ್ಕೆ ಕೊಡುವ ಫಾಸ್ಫೇಟ್ ಲೇಪ) ಮಾಡಿ, 60ರಿಂದ 80 ಮೈಕ್ರಾನ್ ಕೋಟಿಂಗ್. ಚದರ ಅಡಿಗೆ ದರ ಎಷ್ಟು, ಜಿಎಸ್‌ಟಿ ಸೇರಿದೆಯೋ ಇಲ್ಲವೋ, ಸಾಗಣೆ ಯಾರದು, ಬಿಡಿಸಿ ಬರೀರಿ. ಉದ್ಯಮ್ ನಂಬರ್, ಅಂದ್ರೆ ಸಣ್ಣ ಉದ್ಯಮದ ಸರ್ಕಾರಿ ನೋಂದಣಿ ಸಂಖ್ಯೆ, ಖಂಡಿತ ಹಾಕಿ; ನೀವು ಸಣ್ಣ ಘಟಕ ಅಂತ ಗಿರಾಕಿಗೆ ಗೊತ್ತಾಗಲಿ. ಸಣ್ಣ ಘಟಕಗಳಿಗೆ 45 ದಿನದೊಳಗೆ ಹಣ ಕೊಡಬೇಕು ಅನ್ನುತ್ತೆ 2006ರ ಎಂಎಸ್‌ಎಂಇಡಿ ಕಾಯ್ದೆ.

ಬ್ಯಾಂಕ್ ಸಾಲದ ಪ್ರಾಜೆಕ್ಟ್ ರಿಪೋರ್ಟ್ ಮಾತ್ರ ಆಡಿಟರ್ ಹತ್ತಿರ ಮಾಡಿಸಿ, ದುಡ್ಡು ಕೊಟ್ಟರೂ ಸರಿ. ಆದರೆ ಕರೆಂಟ್ ಬಿಲ್ಲು, ಕೂಲಿ, ಪೌಡರ್ ಖರ್ಚಿನ ಅಂಕಿ ನೀವೇ ಕೊಡಿ. ಮ್ಯಾನೇಜರ್ ಪ್ರಶ್ನೆ ಕೇಳೋದು ನಿಮ್ಮನ್ನೇ.