ವಾಸ್ಕೋದ ಗಲ್ಲಿಯಲ್ಲಿ ಕನ್ನಡದ ಶಿಲುಬೆ ಹಾದಿ

ಮೊದಲ ವರ್ಷ 40 ಪ್ರತಿ ಜೆರಾಕ್ಸ್ ಮಾಡಿಸಿದ್ದೆ. 16 ಪುಟದ ಶಿಲುಬೆ ಹಾದಿ ಪುಸ್ತಕ, ನಡುವೆ ಸ್ಟೇಪಲ್ ಪಿನ್ನು. ಯೇಸುಸ್ವಾಮಿ ಶಿಲುಬೆ ಹೊತ್ತ ದಾರಿಯ ಹದಿನಾಲ್ಕು ಪ್ರಸಂಗಗಳನ್ನು ಒಂದೊಂದಾಗಿ ನೆನೆದು, ನಿಂತು ನಿಂತು ಮಾಡುವ ಪ್ರಾರ್ಥನೆ ಅದು; ಒಂದೊಂದು ಪ್ರಸಂಗಕ್ಕೂ 'ಸ್ಥಳ' ಅನ್ನುತ್ತೇವೆ. ಆ ಶುಕ್ರವಾರ ಬಂದವರು 26 ಜನ. ಅವರಲ್ಲಿ ಸಲೀಸಾಗಿ ಕನ್ನಡ ಓದುವವರು ಒಂಬತ್ತು. ಆ ಒಂಬತ್ತರಲ್ಲಿ ನಾಲ್ವರು ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದರು. ಯೇಸುಸ್ವಾಮಿ ಶಿಲುಬೆ ಹೊತ್ತು ಬಿದ್ದದ್ದು ಮೂರು ಸಲ. ನಾನು ಆ ರಾತ್ರಿ ಬಿದ್ದದ್ದು ಹದಿನಾಲ್ಕು ಸಲ.

ನನ್ನದು ಮುದಗಲ್ ಕಡೆ, ರಾಯಚೂರು ಜಿಲ್ಲೆ. ಹೊರಗಿನವರಿಗೆ ನಮ್ಮೂರು ಗೊತ್ತಿರುವುದು ಕೋಟೆಯಿಂದ, ಇಲ್ಲವೇ ಮೊಹರಂನಿಂದ. ಅಲ್ಲಿ ಆದಿಲ್‌ಶಾಹಿ ಕಾಲದಿಂದ ಬಂದ ಕಥೋಲಿಕರ ಮನೆಗಳಿವೆ ಎಂದರೆ ಬೆಂಗಳೂರಿನವರೂ ಹುಬ್ಬೇರಿಸುತ್ತಾರೆ. ಗೋವೆಯಿಂದ ಬಂದ ಪಾದ್ರಿಗಳು ನಮ್ಮ ಹಿರಿಯರಿಗೆ ದೀಕ್ಷಾಸ್ನಾನ ಕೊಟ್ಟರಂತೆ. ಹಾಗಾಗಿ ನಾನು ಕೆಲಸ ಹುಡುಕಿಕೊಂಡು ಗೋವೆಗೆ ಬಂದದ್ದನ್ನು ಅವ್ವ 'ತವರಿಗೆ ಹೋದಿ' ಎಂದು ಆಡಿಕೊಳ್ಳುತ್ತಿದ್ದಳು. ಈಗ ವೆರ್ನಾದ ಕೈಗಾರಿಕಾ ವಸಾಹತಿನಲ್ಲಿ ಎಲೆಕ್ಟ್ರಿಷಿಯನ್. ಮನೆ ವಾಸ್ಕೋದ ಅಂಚಿನ ಒಂದು ಗಲ್ಲಿಯಲ್ಲಿ. ಗಲ್ಲಿಯ ತುಂಬ ರಾಯಚೂರು, ಕೊಪ್ಪಳ, ಗದಗ, ಬಾಗಲಕೋಟೆಯವರು: ಗೌಂಡಿಗಳು, ಸೆಂಟ್ರಿಂಗ್‌ನವರು, ಜೆಟ್ಟಿಯಲ್ಲಿ ಮೀನಿನ ಬುಟ್ಟಿ ಹೊರುವವರು, ಇಬ್ಬರು ನರ್ಸುಗಳು. ಕ್ರೈಸ್ತರ ಮನೆ ಹದಿನೆಂಟು.

ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಬಲಿಪೂಜೆ (ಮಾಸ್) ಕೊಂಕಣಿಯಲ್ಲಿ ನಡೆಯುತ್ತದೆ. ಮಂಗಳೂರಿನ ಕೊಂಕಣಿಗರಾದರೆ ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ, ನಮಗೆ ಹೇಗೋ ದಕ್ಕುತ್ತದೆ. ಗೋವೆಯ ಇಗರ್ಜಿಗಳದ್ದು ರೋಮನ್ ಲಿಪಿ. ಇಂಗ್ಲಿಷ್ ಮೀಡಿಯಮ್ಮಿನ ನನ್ನ ಮಗಳು ಅದನ್ನು ಪಟಪಟ ಓದುತ್ತಾಳೆ, ಅರ್ಥ ಆಗುವುದಿಲ್ಲ. ಹೆಂಡತಿಗೆ ಕೇಳಿದರೆ ಅರ್ಥವಾಗುತ್ತದೆ, ಓದಲು ಬರುವುದಿಲ್ಲ. ಒಂದು ಪುಸ್ತಕಕ್ಕೆ ಇಬ್ಬರು ಬೇಕು ನಮ್ಮ ಮನೆಯಲ್ಲಿ. ಉಳಿದವರು ಮುಂದಿನವರು ಎದ್ದಾಗ ಎದ್ದು, ಕೂತಾಗ ಕೂತು ಪೂಜೆ ಮುಗಿಸುತ್ತಾರೆ. ಭಾನುವಾರಕ್ಕೆ ಅದು ಸಾಕು. ತಪಸ್ಸುಕಾಲದಲ್ಲಿ ಸಾಲದು. ಇಲ್ಲಿ ಅದಕ್ಕೆ ಕೊರೆಜ್ಮ್ ಅನ್ನುತ್ತಾರೆ. ಮಂಗಳವಾರದವರೆಗೆ ಕಾರ್ನಿವಲ್ಲಿನ ಡೋಲು, ಬುಧವಾರ ಬೆಳಗ್ಗೆ ಹಣೆಗೆ ಬೂದಿ. ಅಲ್ಲಿಂದ ಈಸ್ಟರ್‌ವರೆಗೆ 46 ದಿನ. ಭಾನುವಾರಗಳು ಉಪವಾಸಕ್ಕೆ ಸೇರುವುದಿಲ್ಲ, ಆದ್ದರಿಂದ 40 ಅಂತ ಲೆಕ್ಕ. ಆ ನಲವತ್ತು ದಿನ ನಮ್ಮ ಕಡೆ ಹೆಂಗಸರು ಶಿಲುಬೆ ಹಾದಿಯಲ್ಲಿ ಬಾಯಿಬಿಟ್ಟು ಅಳುತ್ತಾರೆ. ಇಲ್ಲಿ ಅಳಲಿಕ್ಕೆ ಭಾಷೆ ಸಿಗುತ್ತಿರಲಿಲ್ಲ.

2023ರಲ್ಲಿ ಇಗರ್ಜಿಯ ಮುಖ್ಯ ಗುರುಗಳಾದ ವಿಗಾರ್ ಫಾದರ್ ಹತ್ತಿರ ಹೋಗಿ ಕನ್ನಡದಲ್ಲಿ ಪ್ರಾರ್ಥನೆ ನಡೆಸಬಹುದೇ ಎಂದು ಕೇಳಿದೆ. ಹೆದರಿಕೊಂಡೇ ಹೋಗಿದ್ದೆ. ಒಮ್ಮೆ ಹಿಂದಿನ ಬೆಂಚಿನಿಂದ 'ಘಾಂಟಿ' ಅನ್ನುವ ಮಾತು ಕಿವಿಗೆ ಬಿದ್ದಿತ್ತು. ಘಟ್ಟದಾಚೆಯವರಿಗೆ ಇಲ್ಲಿ ಹೇಳುವ ಹೀನ ಮಾತು ಅದು. ಫಾದರ್ ಬೇರೆ ಥರದವರು. ಬಲಿಪೂಜೆಯ ಪಠ್ಯದಲ್ಲಿ ಒಂದಕ್ಷರ ಬದಲಿಸಲು ತಮಗೂ ಅಧಿಕಾರವಿಲ್ಲ ಎಂದರು. ಶಿಲುಬೆ ಹಾದಿ ಭಕ್ತಿಯ ಆಚರಣೆ, ಗುರುಗಳಿಲ್ಲದೆಯೂ ನಡೆಸಬಹುದು, ಯಾವ ಭಾಷೆಯಲ್ಲಾದರೂ ಸರಿ ಎಂದು ಬಿಡಿಸಿ ಹೇಳಿದರು. 1991ರಲ್ಲಿ ಪೋಪ್ ಎರಡನೇ ಜಾನ್ ಪೌಲ್ ಅವರೇ ರೋಮಿನ ಕೊಲೊಸಿಯಮ್ಮಿನಲ್ಲಿ ಹಳೆಯ ಹದಿನಾಲ್ಕು ಸ್ಥಳಗಳನ್ನು ಬದಿಗಿಟ್ಟು ಬೈಬಲ್ಲಿನಲ್ಲಿ ಇರುವ ಪ್ರಸಂಗಗಳಷ್ಟನ್ನೇ ಆರಿಸಿ ನಡೆಸಿದ್ದರಂತೆ. 'ಜನ ಪ್ರಾರ್ಥಿಸಬೇಕು, ಅಷ್ಟೇ' ಎಂದರು. ನಾನು ಆ ಮಾತನ್ನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ. ಊರಿಂದ ಹಳೆಯ ಪುಸ್ತಕ ತರಿಸಿ ಇದ್ದಹಾಗೆ ಜೆರಾಕ್ಸ್ ಮಾಡಿಸಿಬಿಟ್ಟೆ.

ಪುಸ್ತಕದ ಕನ್ನಡ ಕೆಟ್ಟದ್ದೇನಲ್ಲ. ಇಗರ್ಜಿಯೊಳಗೆ ನೆರಳಲ್ಲಿ ಕೂತು ಓದಲು ಚೆನ್ನ. ದಿನವಿಡೀ ಸ್ಲ್ಯಾಬ್ ಹಾಕಿ ಬಂದವನ ಬಾಯಲ್ಲಿ 'ಪಾಪವಿಮೋಚನಾರ್ಥವಾಗಿ' ಅನ್ನುವ ಪದ ಹೊರಳುವುದಿಲ್ಲ. ಪ್ರತಿ ಸ್ಥಳಕ್ಕೂ ಒಂದು ಪುಟ ಧ್ಯಾನ. ಏಳನೇ ಸ್ಥಳದ ಹೊತ್ತಿಗೆ ಮಕ್ಕಳು ಮಲಗಿದ್ದವು, ಒಂಬತ್ತನೇ ಸ್ಥಳಕ್ಕೆ ಕೆಲವರು ಮೆಲ್ಲಗೆ ಜಾರಿಕೊಂಡರು. ಕಾರಣ ಭಕ್ತಿ ಕಮ್ಮಿ ಅಂತಲ್ಲ. ನಮ್ಮ ಗಲ್ಲಿಯ ನಳದಲ್ಲಿ ನೀರು ಬರುವುದು ಎಂಟಕ್ಕೆ. ನಾನು ಪ್ರಾರ್ಥನೆ ಇಟ್ಟದ್ದು ಏಳೂವರೆಗೆ. ಎಲೆಕ್ಟ್ರಿಷಿಯನ್ ಆಗಿ ಸಪ್ಲೈ ಟೈಮ್ ನೋಡದೆ ಕೆಲಸಕ್ಕೆ ಇಳಿದಿದ್ದೆ.

ಗೋಡೆಗೆ ಅಂಟಿಸಿದ ಚಿತ್ರಗಳದ್ದು ಇನ್ನೊಂದು ಕಥೆ. ಹದಿನಾಲ್ಕು ಬಾಗಿಲ ಪಕ್ಕ ಹದಿನಾಲ್ಕು ಚಿತ್ರ, ಸೆಲ್ಲೋಟೇಪ್ ಹಾಕಿ. ಮರುದಿನ ಕಿತ್ತರೆ ಟೇಪಿನ ಜೊತೆ ಬಣ್ಣವೂ ಬಂತು. ಮನೆ ಮಾಲೀಕ ಒಂದು ಡಬ್ಬಿ ಡಿಸ್ಟೆಂಪರ್ ನನ್ನ ಕೈಯಿಂದಲೇ ತರಿಸಿದ. ಈಗ ರಟ್ಟಿಗೆ ಅಂಟಿಸಿ, ತೂತು ಹಾಕಿ, ಸುತಲಿ ಕಟ್ಟಿ ಕಿಟಕಿಯ ಸರಳಿಗೆ ತೂಗುಹಾಕುತ್ತೇವೆ. ಯಾರಾದರೂ ಹೊಸದಾಗಿ ಶುರುಮಾಡುವುದಿದ್ದರೆ ಇದನ್ನು ಮೊದಲು ಕೇಳಿಸಿಕೊಳ್ಳಿ.

2024ಕ್ಕೆ ಹದಿನಾರು ಪುಟ ನಾಲ್ಕಾಯಿತು. ಒಂದು ಸ್ಥಳಕ್ಕೆ ಮೂರೇ ವಾಕ್ಯ. ಅದೂ ಒಬ್ಬರು ಹೇಳುವುದು, ಎಲ್ಲರೂ ತಿರುಗಿ ಹೇಳುವುದು. ಭಜನೆಯಲ್ಲಿ ಮಾಡುತ್ತೇವಲ್ಲ, ಹಾಗೆ. ಓದು ಬಾರದಿದ್ದರೂ ನಡೆಯುತ್ತದೆ. ಮೂರನೇ ವಾಕ್ಯ ಆದ ಮೇಲೆ ಸುಮ್ಮನೆ ನಿಲ್ಲುವುದು, ಒಂದು ಪರಲೋಕ ಮಂತ್ರ, ಮುಂದಿನ ಬಾಗಿಲು. ಈ ಮೂರು ವಾಕ್ಯ ಬರೆಯುವುದೇ ದೊಡ್ಡ ಕೆಲಸವಾಯಿತು. ಬರೆದು ಹೆಂಡತಿಗೆ ಹೇಳುತ್ತಿದ್ದೆ. ಅವಳು ಒಲೆ ಮುಂದಿಂದಲೇ ತಿರುಗಿ ಹೇಳಬೇಕು. ಎಡವಿದರೆ ಆ ಪದ ಔಟು. 'ಯೇಸು ತಮ್ಮ ಮಾತೆಯನ್ನು ಸಂಧಿಸುತ್ತಾರೆ' ಅಂತಿದ್ದದ್ದು ನಾಲ್ಕನೇ ಸ್ಥಳದಲ್ಲಿ 'ದಾರಿಯಲ್ಲಿ ತಾಯಿ ನಿಂತಿದ್ದಳು' ಆಯಿತು. ಆರನೇ ಸ್ಥಳದಲ್ಲಿ ಸ್ವಾಮಿಯ ಮುಖ ಒರೆಸುವ ವೆರೋನಿಕಾ ಬೈಬಲ್ಲಿನಲ್ಲಿ ಇಲ್ಲ, ಬಿಡೋಣವೇ ಎಂದೆ. ಹೆಂಗಸರು ಒಪ್ಪಲಿಲ್ಲ. ಗೋವೆಯ ಶಿಲುಬೆ ಮೆರವಣಿಗೆಗಳಲ್ಲಿ ವೆರೋನಿಕಾ ವೇಷದ ಹುಡುಗಿ ಎತ್ತರದಲ್ಲಿ ನಿಂತು, ಸ್ವಾಮಿಯ ಮುಖ ಮೂಡಿದ ಬಟ್ಟೆಯ ಸುರುಳಿ ಬಿಚ್ಚುತ್ತಾ ಲ್ಯಾಟಿನ್ನಿನಲ್ಲಿ ಹಾಡುವುದನ್ನು ಅವರು ನೋಡಿದ್ದರು. 'ದಾರಿಯಲ್ಲಿ ಹೋಗುವವರೇ, ನನ್ನಂಥ ನೋವು ಎಲ್ಲಾದರೂ ಉಂಟೇ ನೋಡಿ' ಅಂತ ಅದರ ಅರ್ಥ, ಬೈಬಲ್ಲಿನ ಪ್ರಲಾಪಗಳ ಗ್ರಂಥದ ಮಾತು. ಲ್ಯಾಟಿನ್ ತಿಳಿಯದಿದ್ದರೂ ಆ ಸುರುಳಿ ಬಿಚ್ಚಿದ್ದು ತಿಳಿದಿತ್ತು.

ಐದನೇ ಸ್ಥಳವನ್ನು ಸೆಂಟ್ರಿಂಗ್ ಕೆಲಸದ ಒಬ್ಬರಿಗೆ ಕೊಟ್ಟೆ. ಸಿರೇನಿನ ಸಿಮೋನ ಶಿಲುಬೆಗೆ ಹೆಗಲು ಕೊಟ್ಟ ಪ್ರಸಂಗ. ಹಲಗೆ ಹೊರುವವರು, ಹೊಂದುತ್ತದೆ ಎಂದು ನನ್ನ ಲೆಕ್ಕ. ಅವರು ಪೂರ್ತಿ ಕೇಳಿಸಿಕೊಂಡು, 'ಅವಂಗ ಕೂಲಿ ಯಾರ್ ಕೊಟ್ರು ಅಂತ ಬರ್ದಿಲ್ಲೇನ್ರಿ?' ಎಂದರು. ಬರೆದಿಲ್ಲ ಎಂದೆ. 'ಹಂಗಾರ ನಾ ಓದಂಗಿಲ್ಲ' ಎಂದು ಎದ್ದು ಹೋದರು. ಆ ವರ್ಷ ಅವರಿಗೆ ಒಬ್ಬ ಗುತ್ತಿಗೆದಾರನಿಂದ ಎರಡು ತಿಂಗಳ ದುಡ್ಡು ಬರಬೇಕಿತ್ತು. ನನಗೆ ಗೊತ್ತಿರಲಿಲ್ಲ. ಐದನೇ ಸ್ಥಳ ನಾನೇ ಓದಿದೆ.

ಅದೇ ವರ್ಷ ಮಾತ್ರಾಕ್ ನನ್ನ ಕೈಗೆ ಬಂದದ್ದು. ಪವಿತ್ರ ಗುರುವಾರದ ಪೂಜೆಯಲ್ಲಿ ಮಹಿಮಾಗೀತೆ ಮುಗಿದ ಮೇಲೆ ಗಂಟೆ ಬಾರಿಸುವಂತಿಲ್ಲ. ಶನಿವಾರ ರಾತ್ರಿ ಪಾಸ್ಖ (ಈಸ್ಟರ್) ಜಾಗರಣೆಯಲ್ಲಿ ಮತ್ತೆ ಮಹಿಮಾಗೀತೆ ಬರುವವರೆಗೆ ಮೌನ. ಆ ಹೊತ್ತಿನಲ್ಲಿ ಗಂಟೆಯ ಬದಲು ಗೋವೆಯಲ್ಲಿ ಬಳಸುವ ಮರದ ಸಾಧನ ಮಾತ್ರಾಕ್. ಒಂದಡಿ ಉದ್ದದ ಹಲಗೆ, ಮೇಲೆ ಹಿಡಿ, ಎರಡೂ ಮುಖಕ್ಕೆ ಬಾಗಿಲ ಚಿಲಕದಂಥ ಕಬ್ಬಿಣದ ಬಳೆ. ಮಣಿಕಟ್ಟು ತಿರುಗಿಸಿದರೆ ಬಳೆ ಆಚೀಚೆ ಬಿದ್ದು ಕಟಕಟ ಅನ್ನುತ್ತದೆ. ಬುಧವಾರ ಸಂಜೆ ಬೀರುವಿನಿಂದ ತೆಗೆದಾಗ ಒಂದು ಬಳೆಯ ಕೀಲು ಮುರಿದಿತ್ತು. ನೀನು ಫ್ಯಾಕ್ಟರಿಯವನಲ್ಲವೇ, ನೋಡು ಎಂದು ಇಗರ್ಜಿಯವರು ಕೊಟ್ಟರು.

ಖುಷಿಯಾಯಿತು. ಮೊದಲ ಸಲ ಆ ಇಗರ್ಜಿಯ ಒಂದು ವಸ್ತು ನನ್ನ ಮನೆಗೆ ಬಂದಿತ್ತು. ಹಲಗೆ ಹಲಸಿನದೋ ತೇಗದ್ದೋ, ಎಣ್ಣೆ ಕುಡಿದು ಕಪ್ಪಾಗಿತ್ತು. ಬಳೆ ಬೀಳುವ ಜಾಗದಲ್ಲಿ ಅಗಲ ತಲೆಯ ಎರಡು ಹಳೆ ಮೊಳೆ, ಬಡಿಸಿಕೊಂಡು ಬಡಿಸಿಕೊಂಡು ಮರದೊಳಗೆ ಇಳಿದು ಹೋಗಿದ್ದವು. ನಾನು ಅತಿ ಬುದ್ಧಿವಂತಿಕೆ ಮಾಡಿ ಕೀಲಿನ ಜೊತೆ ಮೊಳೆಗಳನ್ನೂ ತೆಗೆದು 8 ಎಂಎಂ ಸ್ಟೀಲ್ ಬೋಲ್ಟ್ ಕೂರಿಸಿದೆ. ಆಡಿಸಿದರೆ ಟಣಟಣ, ಗಲ್ಲಿಯ ಆ ತುದಿಗೆ ಕೇಳುವಂತೆ. ಗುರುವಾರ ಬೆಳಗ್ಗೆ ಒಯ್ದು ಕೊಟ್ಟೆ. ಇಗರ್ಜಿಯ ಸಾಮಾನು ನೋಡಿಕೊಳ್ಳುವ ಮುದುಕ ಸಾಂಕ್ರಿಸ್ತಾಂವ್ ಒಂದೇ ಸಲ ಆಡಿಸಿ ಮೇಜಿನ ಮೇಲಿಟ್ಟರು. 'ಇದು ಗಂಟೆ. ಗಂಟೆ ನಮ್ಮಲ್ಲಿ ಇದೆ' ಎಂದರು ಕೊಂಕಣಿಯಲ್ಲಿ. ಈ ಎರಡು ದಿನದ ಸದ್ದಿಗೆ ನಾದ ಇರಬಾರದು, ಒಣ ಸದ್ದು ಬೇಕು ಅಂತ. ಅಲ್ಲೇ ಕೂತು ಬೋಲ್ಟ್ ಬಿಚ್ಚಿದೆ. ಹಳೆ ಮೊಳೆ ಮನೆಯ ಕಸದ ಡಬ್ಬಿಯಲ್ಲಿತ್ತು. ಸ್ಕೂಟರ್ ಹತ್ತಿ ಓಡಿಹೋಗಿ ಹುಡುಕಿ ತಂದೆ. ತೂತು ದೊಡ್ಡದಾಗಿದ್ದರಿಂದ ಬೆಂಕಿಕಡ್ಡಿ ತುರುಕಿ ಮೊಳೆ ಹೊಡೆಯಬೇಕಾಯಿತು. ಆಮೇಲೆ ಬಂತು ಆ ಸದ್ದು, ಹಲ್ಲು ಕಡಿದ ಹಾಗೆ. ಶುಭ ಶುಕ್ರವಾರ ಇನ್ನೂ ಕತ್ತಲಿರುವಾಗ ಹುಡುಗರು ಅದನ್ನು ಆಡಿಸುತ್ತಾ ವಾಡ್ಯಗಳಲ್ಲಿ, ಅಂದರೆ ಕೇರಿಗಳಲ್ಲಿ, ಸುತ್ತುತ್ತಾರೆ. ಆ ವರ್ಷ ನಮ್ಮ ಗಲ್ಲಿಗೂ ಬಂದರು.

ಉಪವಾಸದ ವಿಷಯಕ್ಕೆ ಗಲ್ಲಿಯಲ್ಲಿ ನಮಗೆ ದೊಡ್ಡ ಮರ್ಯಾದೆಯೇನೂ ಇಲ್ಲ. ಈ ಮೂರೂ ವರ್ಷ ರಂಜಾನ್ ಮತ್ತು ತಪಸ್ಸುಕಾಲ ಒಂದರ ಮೇಲೊಂದು ಬಿದ್ದಿದ್ದವು. 2025ರಲ್ಲಂತೂ ರಂಜಾನಿನ ಮೊದಲ ವಾರದಲ್ಲೇ ವಿಭೂತಿ ಬುಧವಾರ. ಪಕ್ಕದ ಮನೆಯ ಹನ್ನೊಂದು ವರ್ಷದ ಹುಡುಗ ರೋಜಾ ಇಟ್ಟುಕೊಂಡು ನನ್ನ ಪಕ್ಕ ಕೂತು ವಿಚಾರಣೆ ನಡೆಸಿದ. ನೀವು ನೀರು ಕುಡಿಯಬಹುದಾ? ಕುಡಿಯಬಹುದು. ಊಟ? ಒಂದು ಹೊಟ್ಟೆತುಂಬ, ಎರಡು ಅರೆಬರೆ, ಒಟ್ಟಿನಲ್ಲಿ ಒಪ್ಪೊತ್ತು. ದಿನಾಲೂ? ಇಲ್ಲ, ಕಡ್ಡಾಯ ಎರಡೇ ದಿನ, ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ಅದೂ 18 ತುಂಬಿದವರಿಗೆ, 59 ತುಂಬುವವರೆಗೆ. ಶುಕ್ರವಾರಗಳಲ್ಲಿ ಮಾಂಸ ಇಲ್ಲ. ಮೀನು? ಮೀನು ಆಗುತ್ತದೆ. ಅವನು ಸ್ವಲ್ಪ ಹೊತ್ತು ನನ್ನನ್ನೇ ನೋಡಿ, 'ಗೋವೆಯಲ್ಲಿ ಮೀನಾ?' ಎಂದ. ಅವತ್ತಿನಿಂದ ಶುಕ್ರವಾರ ಮನೆಯಲ್ಲಿ ಮೀನೂ ಬಿಟ್ಟಿದ್ದೇವೆ.

ಪ್ರಾರ್ಥನೆ ಈಗ ಎಂಟೂಮುಕ್ಕಾಲಕ್ಕೆ. ನೀರು ಹಿಡಿದಾಗಿರುತ್ತದೆ, ಇಫ್ತಾರೂ ಮುಗಿದಿರುತ್ತದೆ. ಕೊನೆಯ ಮೂರು ಶುಕ್ರವಾರ ಮಾತ್ರ. ಹದಿನಾಲ್ಕು ಬಾಗಿಲಲ್ಲಿ ನಾಲ್ಕು ನಮ್ಮವರದ್ದಲ್ಲ. ಗಲ್ಲಿ ನೇರ ಇಲ್ಲದ್ದರಿಂದ ಹಾಗೇ ಆಗುತ್ತದೆ. ನಾಲ್ಕನೇ ಸ್ಥಳ ಬರುವುದು ಒಬ್ಬ ಲಿಂಗಾಯತ ಅಜ್ಜಿಯ ಬಾಗಿಲಿಗೆ. ಕೇಳಲು ಹೋದಾಗ 'ಗೋಡಿಗಿ ಟೇಪು ಹಚ್ಚಬ್ಯಾಡ' ಎಂದಷ್ಟೇ ಹೇಳಿದಳು. ಹೋದ ವರ್ಷ ನಾವು ಹೋಗುವ ಹೊತ್ತಿಗೆ ಹೊಸ್ತಿಲು ತೊಳೆದು ಪಣತಿ ಹಚ್ಚಿಟ್ಟಿದ್ದಳು.

2025ರ ಏಪ್ರಿಲ್ 7ರಂದು, ತಪಸ್ಸುಕಾಲದ ಐದನೇ ಭಾನುವಾರದ ಮರುದಿನ, ಒಂದು ಟೆಂಪೋ ಮಾಡಿಕೊಂಡು ಹದಿನೈದು ಜನ ಗೋವಾ ವೆಲ್ಹಾಕ್ಕೆ ಹೋದೆವು. ಅಲ್ಲಿನ ಸಂತ ಆಂದ್ರೆಯರ ಇಗರ್ಜಿಯಿಂದ ಆ ಸಂಜೆ ಸಂತರ ಮೆರವಣಿಗೆ ಹೊರಡುತ್ತದೆ. ಫ್ರಾನ್ಸಿಸ್ಕನ್ ಸನ್ಯಾಸಿಗಳು ಶುರುಮಾಡಿದ್ದು, ಶತಮಾನಗಳ ಹಿಂದಿನದು. ಆಳೆತ್ತರದ ಪ್ರತಿಮೆಗಳನ್ನು ಒಂದರ ಹಿಂದೆ ಒಂದು ಹೆಗಲ ಮೇಲೆ ಹೊತ್ತು ಸಾಗುತ್ತಾರೆ. ನಾನು ಫ್ರಾನ್ಸಿಸ್ಕನ್ ಮೂರನೇ ಸಭೆ, ರಾಜ ಸಂತ ಲೂಯಿಸ್ ಎಂದೆಲ್ಲ ವಿವರಿಸಲು ಹೊರಟೆ. ನಮ್ಮೂರಿನ ಒಬ್ಬ ಹೆಂಗಸು ಕೈಹಿಡಿದು ನಿಲ್ಲಿಸಿ, 'ಸುಮ್ನಿರು, ಅಲಾಯಿ ಹೊಂಟಂಗ ಐತಿ' ಎಂದಳು. ಮುದಗಲ್ಲಿನ ಮೊಹರಂ ನೋಡಿ ಬೆಳೆದ ಕಣ್ಣು. ಅವಳು ಅಲ್ಲಿ ಅತ್ತಳು.

ಅದೇ ವಾರ, 11ರಂದು ಶುಕ್ರವಾರ, ಗಲ್ಲಿಯ ಕೊನೆಯ ಶಿಲುಬೆ ಹಾದಿಗೆ ವಿಗಾರ್ ಫಾದರ್ ಬಂದರು. ಕನ್ನಡ ಬರದು, ಜನರ ನಡುವೆ ಮೇಣದಬತ್ತಿ ಹಿಡಿದು ನಡೆದರು. ಐದನೇ ಸ್ಥಳಕ್ಕೆ ನಾನು ಬಾಯಿ ತೆರೆಯುವ ಮೊದಲೇ ಆ ಸೆಂಟ್ರಿಂಗಿನವರು ಮುಂದೆ ಬಂದರು. ಹಾಳೆ ಬೇಕಿರಲಿಲ್ಲ, ಬಾಯಿಪಾಠವಾಗಿತ್ತು.

'ಸಿಮೋನ ಹೊಲದ ಕಡೆಯಿಂದ ಬರುತ್ತಿದ್ದ.' ಎಲ್ಲರೂ ತಿರುಗಿ ಹೇಳಿದೆವು.

'ಸಿಪಾಯಿಗಳು ಅವನನ್ನು ಹಿಡಿದರು.' ಹೇಳಿದೆವು.

'ಶಿಲುಬೆ ಅವನ ಹೆಗಲಿಗೆ ಹೊರಿಸಿದರು.' ಹೇಳಿದೆವು.

ಅಲ್ಲಿಗೆ ಮುಗಿಯಬೇಕಿತ್ತು. ಅವರು ಉಸಿರೆಳೆದುಕೊಂಡು 'ಕೂಲಿ ಕೊಡಲಿಲ್ಲ' ಎಂದರು. ಅಭ್ಯಾಸಬಲದಿಂದ ಇಡೀ ಗಲ್ಲಿ 'ಕೂಲಿ ಕೊಡಲಿಲ್ಲ' ಎಂದಿತು, ಎಂದ ಮೇಲೆ ಗೊಳ್ಳೆಂದು ನಕ್ಕಿತು. ಫಾದರ್ ನನ್ನ ಕಡೆ ಬಾಗಿ ಯಾಕೆ ನಗುತ್ತಿದ್ದಾರೆ ಎಂದು ಕೇಳಿದರು. ನನ್ನ ಹರಕು ಕೊಂಕಣಿಯಲ್ಲಿ ಹೇಳಿದೆ. ಅವರೂ ನಕ್ಕರು, ಆಮೇಲೆ ಬತ್ತಿ ಆರಿದ್ದನ್ನು ನೋಡಿ ಪಕ್ಕದವರಿಂದ ಹೊತ್ತಿಸಿಕೊಂಡರು. ಆರನೇ ಬಾಗಿಲಿಗೆ ನಡೆದೆವು.