ಡಿಕ್ಕಿ ಹೋಗಲಿಲ್ಲ, ಜಾಗ ಬದಲಿಸಿತು

ಒಂದೇ ರೇಡಿಯೊ ಚಾನೆಲ್ಲನ್ನು ನಲವತ್ತು ನೋಡ್‌ಗಳು (ಜಾಲಕ್ಕೆ ಸೇರಿದ ಸಾಧನಗಳು) ಹಂಚಿಕೊಂಡರೆ ಎಷ್ಟು ಮಾಹಿತಿ ದಾಟುತ್ತದೆ ಎಂದು ನೋಡಲು ಪುಟ್ಟ ಸಿಮ್ಯುಲೇಟರ್ ಒಂದನ್ನು ಬರೆದೆ. ಮೊದಲಿಗೆ ಬರೀ ಪೈಪೋಟಿ: ಪ್ಯಾಕೆಟ್, ಅಂದರೆ ಮಾಹಿತಿಯ ತುಣುಕು, ಇದ್ದವರು ಸ್ಲಾಟಿನ (ಒಂದು ಪ್ಯಾಕೆಟ್ ಹಿಡಿಸುವ ಕಾಲಾವಧಿಯ) ಆರಂಭದಲ್ಲಿ ಕಳುಹಿಸುವುದು, ಇಬ್ಬರು ಒಟ್ಟಿಗೆ ಕಳುಹಿಸಿ ಡಿಕ್ಕಿಯಾದರೆ ಮತ್ತೆ ಯತ್ನಿಸುವುದು. ನಾರ್ಮನ್ ಅಬ್ರಾಮ್ಸನ್ ತಂಡ ಹವಾಯಿಯಲ್ಲಿ ಕಟ್ಟಿ 1971ರಲ್ಲಿ ಚಾಲೂ ಮಾಡಿದ ಅಲೋಹಾ ಜಾಲದ ಉಪಾಯವೇ ಇದು. ಸ್ಲಾಟುಗಳು ಆಮೇಲೆ ಸೇರಿದವು.

ಮೊದಲ ಸಲ ಓಡಿಸಿದಾಗ ಜಾಲ ಕೆಲಹೊತ್ತಿನಲ್ಲೇ ಕಟ್ಟಿಕೊಂಡಿತು. ಲಾಗ್ ತೆರೆದರೆ 112ನೇ ಸ್ಲಾಟಿನಲ್ಲಿ 7 ಮತ್ತು 19ನೇ ನೋಡ್‌ಗಳ ಡಿಕ್ಕಿ, 115ರಲ್ಲಿ ಅವೇ ಎರಡು, 118ರಲ್ಲೂ ಅವೇ. ಡಿಕ್ಕಿಯಾದವರೆಲ್ಲ ಮೂರು ಸ್ಲಾಟ್ ಕಾಯಲಿ ಎಂದು ನಾನೇ ಬರೆದಿದ್ದೆ! ಕಾಯುವ ಅವಧಿಯನ್ನು ಯಾದೃಚ್ಛಿಕಗೊಳಿಸಿದ ಮೇಲೆ ಗಂಟು ಸಡಿಲವಾಯಿತು.

ಮರುಯತ್ನವೂ ಸೇರಿ ಸ್ಲಾಟಿಗೆ ಸರಾಸರಿ ಒಂದು ಯತ್ನ ನಡೆದಾಗ ಸಾಗಣೆ ತುತ್ತತುದಿ ಮುಟ್ಟಿತು: ನೂರು ಸ್ಲಾಟುಗಳಲ್ಲಿ ಸುಮಾರು 37 ಯಶಸ್ವಿ, 37 ಖಾಲಿ, 26 ಡಿಕ್ಕಿ. ಒತ್ತಡ ಇನ್ನೂ ಹೆಚ್ಚಿಸಿದರೆ ಏರುವ ಬದಲು ಇಳಿಯಿತು. ಸ್ಲಾಟುಗಳನ್ನೇ ತೆಗೆದುಹಾಕಿದಾಗ ಗರಿಷ್ಠ ಮಿತಿ ಸುಮಾರು ಶೇ 18ಕ್ಕೆ ಬಿತ್ತು.

ಆಮೇಲೆ ಕಾಯ್ದಿರಿಸುವ ಪದ್ಧತಿ ತಂದೆ. ಪ್ಯಾಕೆಟಿನ ಇಪ್ಪತ್ತನೇ ಒಂದು ಭಾಗದಷ್ಟು ಉದ್ದದ ಕಿರುಸ್ಲಾಟಿನಲ್ಲಿ ಕೋರಿಕೆ ಸಲ್ಲಿಸಬೇಕು, ಮಂಜೂರಾದರೆ ಚಾನೆಲ್ ಅವರೊಬ್ಬರದೇ. ಒಂದು ಕೋರಿಕೆ ಗೆಲ್ಲಲು ಸರಾಸರಿ 2.7 ಕಿರುಸ್ಲಾಟ್ ಖರ್ಚಾದರೂ ಶೇ 88ರಷ್ಟು ಸಮಯ ಮಾಹಿತಿಗೇ ಸಿಕ್ಕಿತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆ ಖುಷಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ನನ್ನ ನೋಡ್‌ಗಳಲ್ಲಿ ಹೆಚ್ಚಿನವು ಕಳುಹಿಸುವುದು ತಾಪಮಾನದ ಒಂದೇ ಒಂದು ಅಂಕಿ, ಅಂದರೆ ಕೋರಿಕೆಯಷ್ಟೇ ಉದ್ದದ ಪ್ಯಾಕೆಟ್. ಆ ಅಳತೆ ಹಾಕಿದಾಗ 88 ಹೋಗಿ 27 ಬಂತು, ಬರೀ ಪೈಪೋಟಿಗಿಂತಲೂ ಕಡಿಮೆ! ಕಾಯ್ದಿರಿಸಿದರೆ ಡಿಕ್ಕಿ ಇಲ್ಲವೆಂದು ನಂಬಿದ್ದೆ. ಅದು ಪ್ಯಾಕೆಟಿನಿಂದ ಕೋರಿಕೆಗೆ ಜಾಗ ಬದಲಿಸಿತ್ತು, ಅಷ್ಟೇ. ಕೋರಿಕೆ ಪ್ಯಾಕೆಟಿಗಿಂತ ತೀರಾ ಚಿಕ್ಕದಿದ್ದರೆ ಮಾತ್ರ ಲಾಭ. ಚಾನೆಲ್ ಖಾಲಿ ಹೊಡೆಯುವಾಗಲೂ ಮಂಜೂರಾತಿಗೆ ಕಾಯಬೇಕು ಎಂಬುದು ಬೇರೆ ಕಿರಿಕಿರಿ.

ಕೊನೆಗೆ ತಾಪಮಾನದ ನೋಡ್‌ಗಳನ್ನು ನೇರ ಪೈಪೋಟಿಗೇ ಬಿಟ್ಟೆ. ಚಿತ್ರ ಕಳುಹಿಸುವ ನೋಡ್‌ಗಳು ಮಾತ್ರ ಕಾಯ್ದಿರಿಸುತ್ತವೆ. ಮುಂದಿನ ಕೋರಿಕೆಯನ್ನು ಈಗಿನ ಪ್ಯಾಕೆಟಿನ ತಲೆಭಾಗದಲ್ಲೇ ಸೇರಿಸಿ ಕಳುಹಿಸುವುದರಿಂದ ಒಂದು ಚಿತ್ರಕ್ಕೆ ಒಮ್ಮೆ ಪೈಪೋಟಿ ಸಾಕು. ಆದರೆ ಎಂಟು ಸ್ಲಾಟ್ ಕೇಳಿ ಮೂರನ್ನಷ್ಟೇ ಬಳಸುವ ನೋಡ್ ಒಂದಿದೆ. ಉಳಿದ ಐದನ್ನು ವಾಪಸು ಪಡೆಯುವ ಕೋಡ್ ಇನ್ನೂ ಬರೆದಿಲ್ಲ.