ಐಸಿಡಿ ಟ್ರಾನ್ಸ್‌ಮಿಟರ್ ಜೊತೆ ಮನೆಯಲ್ಲಿ: ನನ್ನ ಅನುಭವ

ನನ್ನ ಎದೆಯೊಳಗೆ ಐಸಿಡಿ ಇದೆ. ಹೃದಯದ ಬಡಿತ ಪ್ರಾಣಕ್ಕೆ ಕುತ್ತು ತರುವಷ್ಟು ತಾಳ ತಪ್ಪಿದರೆ, ಶಾಕ್ ಕೊಟ್ಟು ಅದನ್ನು ಸರಿದಾರಿಗೆ ತರುವ ಸಾಧನ ಅದು. ಅದರ ಜೊತೆಗೆ ಮನೆಯಲ್ಲಿ ಇಟ್ಟುಕೊಳ್ಳಲು ಒಂದು ಟ್ರಾನ್ಸ್‌ಮಿಟರ್, ಅಂದರೆ ಐಸಿಡಿಯ ಮಾಹಿತಿಯನ್ನು ಕ್ಲಿನಿಕ್‌ಗೆ ಕಳಿಸುವ ಡಬ್ಬಿ, ಕೂಡ ಕೊಟ್ಟರು. ಈ ಡಬ್ಬಿಯನ್ನು ನಾನು ಹೇಗೆ ಬಳಸುತ್ತೇನೆ ಎಂದು ಇಲ್ಲಿ ಬರೆಯುತ್ತಿದ್ದೇನೆ. ಪೇಸ್‌ಮೇಕರ್ ಇರುವವರಿಗೂ ಇದರಲ್ಲಿ ಜಾಸ್ತಿ ವಿಷಯ ಹೊಂದುತ್ತದೆ.

ಎಲ್ಲಕ್ಕಿಂತ ಮೊದಲು ಮನೆಯವರಿಗೆಲ್ಲ ನಾನು ತಿಳಿಸಿದ್ದು ಎರಡು ಮಾತು. ಒಂದು, ಪ್ರಾಣ ಉಳಿಸುವ ಕೆಲಸ ಎದೆಯೊಳಗಿನ ಸಾಧನದ್ದು, ಡಬ್ಬಿಯದ್ದಲ್ಲ. ಕರೆಂಟ್ ಹೋದರೂ, ಡಬ್ಬಿ ಕೆಟ್ಟರೂ ಐಸಿಡಿ ತನ್ನ ಪಾಡಿಗೆ ಕೆಲಸ ಮಾಡುತ್ತಲೇ ಇರುತ್ತದೆ. ಇನ್ನೊಂದು, ಆ ಕಡೆ ಯಾರೂ ಹಗಲು ರಾತ್ರಿ ಪರದೆ ಮುಂದೆ ಕೂತಿರುವುದಿಲ್ಲ. ಡಬ್ಬಿ ಕಳಿಸಿದ ಮಾಹಿತಿಯನ್ನು ಕ್ಲಿನಿಕ್‌ನವರು ಸಾಮಾನ್ಯವಾಗಿ ಕೆಲಸದ ಹೊತ್ತಿನಲ್ಲಿ ನೋಡುತ್ತಾರೆ. ಎದೆನೋವು ಬಂದರೆ, ತಲೆ ಸುತ್ತಿ ಬಿದ್ದರೆ, "ಡಬ್ಬಿ ಹೇಗೂ ಹೇಳುತ್ತದಲ್ವಾ" ಎಂದು ಕಾಯಲೇಬಾರದು. ಇದೊಂದನ್ನು ನಾನು ಎಷ್ಟು ಸಲ ಹೇಳಿದರೂ ಸಾಕೆನಿಸುವುದಿಲ್ಲ.

ಹಾಗಾದರೆ ಇದರಿಂದ ಏನು ಪ್ರಯೋಜನ? ರಾತ್ರಿ ನಾನು ಮಲಗಿರುವಾಗ ಡಬ್ಬಿ ಐಸಿಡಿಯನ್ನು ಮಾತಾಡಿಸುತ್ತದೆ. ಬ್ಯಾಟರಿ ಎಷ್ಟು ಉಳಿದಿದೆ, ಹೃದಯಕ್ಕೆ ಹೋಗುವ ತಂತಿ ಅಂದರೆ ಲೀಡ್ ಸರಿಯಿದೆಯಾ, ಬಡಿತ ಎಲ್ಲಾದರೂ ತಪ್ಪಿತಾ, ಶಾಕ್ ಬಿತ್ತಾ, ಇದೆಲ್ಲ ಕ್ಲಿನಿಕ್‌ಗೆ ಹೋಗುತ್ತದೆ. 2010ರಲ್ಲಿ ಹೊರಬಂದ ಟ್ರಸ್ಟ್ ಎಂಬ ಅಧ್ಯಯನ ಐಸಿಡಿ ಇರುವವರ ಮೇಲೆಯೇ ನಡೆದದ್ದು. ಬಡಿತದ ತೊಂದರೆ ವೈದ್ಯರ ಕಣ್ಣಿಗೆ ಬೀಳಲು ಮಾಮೂಲಿ ತಪಾಸಣೆಯ ಗುಂಪಿನಲ್ಲಿ ಸುಮಾರು 36 ದಿನ ಹಿಡಿದರೆ, ಮನೆಯಿಂದ ಮಾಹಿತಿ ಹೋಗುತ್ತಿದ್ದ ಗುಂಪಿನಲ್ಲಿ ಎರಡು ದಿನವೂ ಹಿಡಿಯಲಿಲ್ಲ. ಲೀಡ್ ಸವೆಯುವುದು ನಮಗೆ ಗೊತ್ತೇ ಆಗದಿರಬಹುದು. ಅಂಥದ್ದು ಬೇಗ ಸಿಕ್ಕಿಬಿದ್ದರೆ ಸುಮ್ನೆ ಬೀಳುವ ಶಾಕ್‌ಗಳಿಂದ ತಪ್ಪಿಸಿಕೊಳ್ಳಬಹುದು.

ಡಬ್ಬಿ ಎಲ್ಲಿಡಬೇಕು ಎನ್ನುವುದಕ್ಕೆ ನಾನು ಬಹಳ ತಲೆ ಕೆಡಿಸಿಕೊಂಡೆ. ಎದೆಯೊಳಗಿನ ಸಾಧನ ತನ್ನ ಬ್ಯಾಟರಿ ಉಳಿಸಲು ತೀರಾ ಸಣ್ಣ ಶಕ್ತಿಯ ರೇಡಿಯೋ ಸಂಕೇತ ಬಳಸುತ್ತದೆ. ಹಾಗಾಗಿ ಡಬ್ಬಿ ಹಾಸಿಗೆಯಿಂದ ಎರಡು ಮೂರು ಮೀಟರ್ ಒಳಗೇ ಇರಬೇಕು. ನನ್ನದು ತಲೆದಿಂಬಿನ ಪಕ್ಕದ ಮೇಜಿನ ಮೇಲಿದೆ. ನಡುವೆ ಕಬ್ಬಿಣದ ಬೀರು ಇಲ್ಲ. ಅದು ಮೊಬೈಲ್ ನೆಟ್‌ವರ್ಕ್ ಮೂಲಕ ಮಾಹಿತಿ ಕಳಿಸುವುದರಿಂದ ಕಿಟಕಿಯ ಹತ್ತಿರವಿದ್ದರೆ ಸಿಗ್ನಲ್ ಚೆನ್ನಾಗಿ ಸಿಗುತ್ತದೆ. ಅದರ ಪ್ಲಗ್‌ಗೆ ಒಂದು ಪಾಯಿಂಟ್ ಮೀಸಲು. ಸ್ವಿಚ್ ಮೇಲೆ "ಆರಿಸಬೇಡಿ" ಎಂದು ಚೀಟಿ ಅಂಟಿಸಿದ್ದೇನೆ. ಅಡಾಪ್ಟರ್ ಡಬ್ಬಿಯ ಜೊತೆ ಬಂದದ್ದೇ ಆಗಬೇಕು, ಕೈಗೆ ಸಿಕ್ಕ ಚಾರ್ಜರ್ ಸಿಕ್ಕಿಸುವಂತಿಲ್ಲ. ನೀರಿನ ಲೋಟವನ್ನು ಆ ಮೇಜಿನ ಮೇಲೆ ಇಡುವುದಿಲ್ಲ. ಒರೆಸುವಾಗ ಮೊದಲು ಪ್ಲಗ್ ತೆಗೆದು, ಒಣ ಬಟ್ಟೆಯಲ್ಲಿ ಒರೆಸಿ, ಮತ್ತೆ ಹಾಕುತ್ತೇನೆ.

ಮೊಬೈಲ್ ಮಾತ್ರ ಬೇರೆ ಲೆಕ್ಕ. ಅದನ್ನು ಎದೆಯೊಳಗಿನ ಸಾಧನದಿಂದ ಕನಿಷ್ಠ 15 ಸೆಂಟಿಮೀಟರ್ ದೂರ ಇಡಬೇಕು. ನನ್ನ ಐಸಿಡಿ ಎಡಗಡೆ ಇದೆ, ಅದಕ್ಕೇ ಬಲಗಿವಿಯಲ್ಲಿ ಮಾತಾಡುತ್ತೇನೆ, ಅಂಗಿಯ ಜೇಬಿಗೆ ಫೋನ್ ಹಾಕುವುದಿಲ್ಲ. ಈಗಿನ ಕೆಲವು ಫೋನ್‌ಗಳಲ್ಲಿ, ಅವುಗಳ ಕವರ್‌ಗಳಲ್ಲಿ ಬಲವಾದ ಅಯಸ್ಕಾಂತ ಇರುತ್ತದೆ. ಅಯಸ್ಕಾಂತ ತೀರಾ ಹತ್ತಿರ ಬಂದರೆ ಐಸಿಡಿ ಅಪಾಯದ ಬಡಿತವನ್ನು ಗುರುತಿಸುವ ಕೆಲಸವನ್ನೇ ಅಷ್ಟು ಹೊತ್ತು ನಿಲ್ಲಿಸಬಹುದು.

ಡಬ್ಬಿಯ ಮೇಲೆ ಒಂದು ಬಟನ್ ಇದೆ. ಒತ್ತಿದರೆ ಆಗಲೇ ಪೂರ್ತಿ ಮಾಹಿತಿ ಹೋಗುತ್ತದೆ. ಎದೆ ಸ್ವಲ್ಪ ಡವಗುಟ್ಟಿದರೂ ಒತ್ತಿಬಿಡೋಣ ಎನಿಸುತ್ತದೆ, ನಿಜ. ಆದರೆ ಪ್ರತಿ ಸಲವೂ ಖರ್ಚಾಗುವುದು ಎದೆಯೊಳಗಿನ ಬ್ಯಾಟರಿ. ಅದು ಮುಗಿದರೆ ಸಾಧನ ಬದಲಿಸಲು ಮತ್ತೆ ಆಪರೇಷನ್. ಅದಕ್ಕಾಗಿ ಕ್ಲಿನಿಕ್‌ಗೆ ಮೊದಲು ಫೋನ್ ಮಾಡುತ್ತೇನೆ. "ಕಳಿಸಿ" ಎಂದರೆ ಮಾತ್ರ ಒತ್ತುತ್ತೇನೆ.

ಶಾಕ್ ಬಿದ್ದರೆ ಏನು ಮಾಡಬೇಕು ಎಂದು ವೈದ್ಯರು ಹೇಳಿದ್ದನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಹಾಕಿದ್ದೇವೆ. ಒಂದೇ ಶಾಕ್, ಆಮೇಲೆ ಆರಾಮಾಗಿದ್ದರೆ, ಕ್ಲಿನಿಕ್‌ಗೆ ಫೋನ್. ಒಂದೇ ದಿನದಲ್ಲಿ ಎರಡು ಅಥವಾ ಜಾಸ್ತಿ ಶಾಕ್ ಬಿದ್ದರೆ, ಇಲ್ಲವೇ ಒಂದೇ ಬಿದ್ದರೂ ಎದೆನೋವು, ಉಸಿರುಗಟ್ಟುವುದು, ಎಚ್ಚರ ತಪ್ಪುವುದು ಇದ್ದರೆ, ತಕ್ಷಣ ಆಂಬುಲೆನ್ಸ್. ಆಗ ಡಬ್ಬಿಯ ಮುಂದೆ ಕೂತು ಮಾಹಿತಿ ಹೋಯಿತಾ ಎಂದು ನೋಡುತ್ತಾ ಹೊತ್ತು ಕಳೆಯಬಾರದು.

ಹ್ಯಾಕಿಂಗ್ ಭಯದ ಬಗ್ಗೆ ಬಹಳ ಜನ ಕೇಳುತ್ತಾರೆ. ಭಯಕ್ಕೆ ಕಾರಣ ಇಲ್ಲದಿಲ್ಲ. 2017ರ ಜನವರಿಯಲ್ಲಿ ಅಮೆರಿಕದಲ್ಲಿ ಔಷಧ, ವೈದ್ಯಕೀಯ ಸಾಧನಗಳ ಮೇಲೆ ನಿಗಾ ಇಡುವ ಎಫ್‌ಡಿಎ ಸಂಸ್ಥೆ ಸೇಂಟ್ ಜೂಡ್ ಕಂಪನಿಯ ಮರ್ಲಿನ್ ಟ್ರಾನ್ಸ್‌ಮಿಟರ್‌ನಲ್ಲಿ ಭದ್ರತೆಯ ಲೋಪ ಇದೆ ಎಂದು ಎಚ್ಚರಿಸಿತು. 2019ರಲ್ಲಿ ಮೆಡ್‌ಟ್ರಾನಿಕ್ ಕಂಪನಿಯ ಕೆಲವು ಸಾಧನಗಳ ರೇಡಿಯೋ ಸಂಪರ್ಕದ ಬಗ್ಗೆಯೂ ಇಂಥದ್ದೇ ಎಚ್ಚರಿಕೆ ಬಂತು. ಎರಡೂ ಸಲ ಸಂಸ್ಥೆ ಹೇಳಿದ್ದು, ಬಳಸುವುದನ್ನು ನಿಲ್ಲಿಸಬೇಡಿ, ಅಪಾಯಕ್ಕಿಂತ ಪ್ರಯೋಜನವೇ ದೊಡ್ಡದು ಎಂದು. 2017ರ ಲೋಪ ಸರಿಪಡಿಸಲು ಕಂಪನಿ ಕಳಿಸಿದ ಸಾಫ್ಟ್‌ವೇರ್ ತಿದ್ದುಪಡಿ ಪ್ಲಗ್ ಹಾಕಿಟ್ಟ ಡಬ್ಬಿಗಳಿಗೆ ತಾನಾಗಿಯೇ ಬಂದು ಸೇರುವಂಥದ್ದು. ಭಯಪಟ್ಟು ಪ್ಲಗ್ ಕಿತ್ತರೆ ಇಂಥ ರಕ್ಷಣೆಯೇ ತಪ್ಪಿಹೋಗುತ್ತದೆ ಎಂಬುದು ನನಗೆ ಮನದಟ್ಟಾಗಿದ್ದು ಹೀಗೆ. ಡಬ್ಬಿಯನ್ನು ಕ್ಲಿನಿಕ್ ಅಥವಾ ಕಂಪನಿಯಿಂದ ನೇರವಾಗಿಯೇ ಪಡೆಯಬೇಕು. ಯಾರೋ ಬಳಸಿಬಿಟ್ಟಿದ್ದನ್ನು ಕೊಳ್ಳಬಾರದು, ನಮ್ಮದನ್ನು ಇನ್ನೊಬ್ಬರಿಗೆ ಕೊಡಲೂಬಾರದು.

ಪ್ರಯಾಣದ ವಿಷಯ ಸುಲಭ. ಕೆಲವೇ ದಿನವಾದರೆ ಕ್ಲಿನಿಕ್‌ಗೆ ತಿಳಿಸಿ ಡಬ್ಬಿಯನ್ನು ಮನೆಯಲ್ಲೇ ಬಿಡುತ್ತೇನೆ. ಅಷ್ಟರಲ್ಲಿ ನಡೆದ ಮುಖ್ಯ ಘಟನೆಗಳು ಐಸಿಡಿಯ ನೆನಪಿನಲ್ಲೇ ಇರುತ್ತವೆ, ಮರಳಿ ಬಂದ ಮೇಲೆ ಕ್ಲಿನಿಕ್‌ಗೆ ಹೋಗುತ್ತವೆ. ಬೇರೆ ದೇಶಕ್ಕೆ ಒಯ್ಯುವುದಾದರೆ ಅಲ್ಲಿನ ನೆಟ್‌ವರ್ಕ್‌ನಲ್ಲಿ ಅದು ನಡೆಯುತ್ತದಾ ಎಂದು ಮೊದಲೇ ಕೇಳಬೇಕು.

ಇನ್ನೊಂದು ಮಾತು. ಡಬ್ಬಿಯ ದೀಪ ಯಾವ ಬಣ್ಣದಲ್ಲಿದ್ದರೆ ಸರಿ ಎಂಬುದು ಮಾದರಿಯಿಂದ ಮಾದರಿಗೆ ಬೇರೆ. ಅದನ್ನು ಕೊಡುವ ದಿನವೇ ಸಿಸ್ಟರ್ ಹತ್ತಿರ ಕೇಳಿ ಬರೆದುಕೊಳ್ಳಿ. ಫೋನ್ ನಂಬರ್ ಬದಲಾದರೆ ಅದೇ ದಿನ ಕ್ಲಿನಿಕ್‌ಗೆ ತಿಳಿಸಿ. ಮಾಹಿತಿ ಬರುವುದು ನಿಂತಾಗ ಅವರು ಕರೆ ಮಾಡುವುದು ಆ ನಂಬರ್‌ಗೇ.